ಮಸಿ ಹಿಡಿದ ಕಾಗದ

ರುಕ್ಮೋದ್ದೀನ್ ಚಾಚಾ ಡ್ರಮ್ಮಿಗೆ ಕಾಗದ ಸುತ್ತಿ
ಸೀಮೆಎಣ್ಣೆ ಬತ್ತಿಯ ಮೇಲೆ ತಿರುವುತ್ತಿದ್ದರು,
ರೊಟ್ಟಿ ತಿರುವಿದ್ದಕ್ಕಿಂತ ನಿಧಾನ.
ಹೊಗೆ ಕೂತು ಕೂತು ಹದವಾಗಿ ಕಪ್ಪಾಗಬೇಕು:
ದಪ್ಪ ಕೂತರೆ ಮುಳ್ಳು ಎಳೆಯದು,
ತೆಳು ಕೂತರೆ ಗೆರೆ ಕಾಣದು.
"ಬಸ್, ಇಷ್ಟೇ ನೋಡ್ರಿ ಮೇಡಮ್" ಅಂತ
ಹುಬ್ಬಿನ ಮಸಿ ಒರೆಸದೇ ನನ್ನ ಕೈಗೆ ಕೊಡುತ್ತಿದ್ದರು.

ಕಲಬುರಗಿಯ ಏಪ್ರಿಲ್. ಕೋಣೆಯೊಳಗೇ ನಲವತ್ತೆರಡು.
ಪುಸ್ತಕ ಹೇಳುತ್ತದೆ, ನೀರನ್ನು ಮೂವತ್ತೇಳಕ್ಕೆ ಕಾಯಿಸಿ;
ನಾವು ಸೂಪರ್ ಮಾರ್ಕೆಟ್ ಹಿಂದಿನ ಸೋಡಾ ಅಂಗಡಿಯಿಂದ
ಬರ್ಫ ತರಿಸಿ ಆರಿಸುತ್ತಿದ್ದೆವು.
ಆ ನೀರಿನ ನಡುವೆ ಗಾಜಿನ ಕೊಳವೆ,
ಕೊಳವೆಯೊಳಗೆ ಉಪ್ಪು ಸಕ್ಕರೆಯ ತಿಳಿ,
ತಿಳಿಯೊಳಗೆ ದಾರಕ್ಕೆ ತೂಗಿದ ಎರಡು ಸೆಂಟಿಮೀಟರ್ ಕರುಳು,
ಮೊನ್ನೆ ಕುದುರೆಮೆಂತ್ಯ ತಿಂದ ಗಿನಿಪಿಗ್ಗಿನದು.
ಮೀನಿನ ತೊಟ್ಟಿಯ ಪಂಪು ಗುಳ್ಳೆ ಬಿಡುವ ತನಕ
ಅದು ತಾನಿನ್ನೂ ಪ್ರಾಣಿಯೊಳಗೇ ಇದ್ದೇನೆ ಎಂದುಕೊಂಡಿರುತ್ತದೆ.
ಕುಯ್ಯುವ ಗಳಿಗೆ ನಾನು ಚಾಚಾನ ಕಡೆ ನೋಡುತ್ತಿರಲಿಲ್ಲ.
ತುಟಿ ಅಲ್ಲಾಡುತ್ತಿತ್ತು ಅವರದು.

ಮಕ್ಕಳಿಗೆ ಹೇಳುತ್ತಿದ್ದೆ:
ತಕ್ಕಡಿಗೆ ತೂಕ ಗೊತ್ತು, ಕಸುವು ಗೊತ್ತಿಲ್ಲ.
ಕಸುವನ್ನು ಜೀವದ ಬಳಿಯೇ ಕೇಳಬೇಕು.
ಜೀವವೋ, ಒಂದೇ ಪ್ರಶ್ನೆಗೆ ದಿನಕ್ಕೊಂದು ಉತ್ತರ ಕೊಡುತ್ತದೆ;
ಅದಕ್ಕೇ ಗೊತ್ತಿಲ್ಲದ್ದನ್ನು ಒಂಟಿಯಾಗಿ ಕೇಳಬೇಡಿ,
ಗೊತ್ತಿರುವುದರ ಮಗ್ಗುಲಲ್ಲಿಟ್ಟು ಕೇಳಿ.
ಗೊತ್ತಿರುವುದು ಪಾಯಿಂಟ್ ಎರಡು, ಪಾಯಿಂಟ್ ನಾಲ್ಕು ಮಿಲಿ,
ನಡುವೆ ಗೊತ್ತಿಲ್ಲದ್ದು.
ಎತ್ತರ ಕೂಡಿತೇ? ಇಲ್ಲವೇ? ತೊಳೆಯಿರಿ. ಐದು ನಿಮಿಷ ಕಾಯಿರಿ.
ಮೂರು ಬಿಂದು ಸಾಲದಿದ್ದರೆ ನಾಲ್ಕು,
ಸುತ್ತಿಗೊಮ್ಮೆ ಸರದಿ ಬದಲಿಸಿ,
ಮುಂದಿನದು ಯಾವುದೆಂದು ಕರುಳಿಗೆ ಅಂದಾಜಾಗದಂತೆ.
ಕಪ್ಪೆಯ ಹೊಟ್ಟೆಯ ಸ್ನಾಯು ಮೆಲ್ಲಗೆ ಹೇಳುತ್ತದೆ, ಇಷ್ಟು ಹೆಚ್ಚು, ಇಷ್ಟು ಕಡಿಮೆ;
ಇನ್ಸುಲಿನ್ ಕೊಟ್ಟ ಇಲಿ ಹಾಗಲ್ಲ, ಸೆಳೆತ ಬಂತು, ಇಲ್ಲ ಬರಲಿಲ್ಲ.
ಅಲ್ಲಿ ಎತ್ತರ ಅಳೆಯುವುದಿಲ್ಲ, ತಲೆ ಎಣಿಸುತ್ತೇವೆ.

ಆ ವರ್ಷ ಪರೀಕ್ಷೆಯ ಅಜ್ಞಾತ ದ್ರಾವಣ ನಾನೇ ಕಲಸಿದ್ದೆ,
ಹಿಂದಿನ ಸಂಜೆಯೇ. ಮಿಲಿಗೆ ಹತ್ತು ಮೈಕ್ರೋಗ್ರಾಂ ಅಸಿಟೈಲ್‌ಕೋಲಿನ್.
ಹತ್ತು ಎಂದು ಚೀಟಿ ಬರೆದು ಲಕೋಟೆ ಅಂಟಿಸಿದ್ದೆ.
ಚಿಂಚೋಳಿ ಕಡೆಯ ತಾಂಡಾದ ಹುಡುಗಿ, ಶಾಣಿಬಾಯಿ ಚವ್ಹಾಣ,
ಆರೂವರೆ ಎಂದು ಬರೆದಳು.
ಹೊರಗಿನಿಂದ ಬಂದ ಪರೀಕ್ಷಕರು ನಕ್ಕರು.
ಉಳಿದವರೆಲ್ಲ ಹತ್ತರ ಆಸುಪಾಸು,
ಹೋದ ವರ್ಷವೂ ಹತ್ತೇ ಇತ್ತಲ್ಲ.
"ಮತ್ತೊಮ್ಮೆ ನೋಡು" ಎಂದೆ. ಅವಳು ಕಾಗದ ಮುಂದೆ ಹಿಡಿದಳು.
"ಕರುಳು ಇಷ್ಟೇ ಅಂತದ್ರಿ ಮೇಡಮ್. ನಾ ಏನ್ ಮಾಡ್ಲಿ?"

ಎಲ್ಲರೂ ಹೋದ ಮೇಲೆ ಚಾಚಾ ಕೈ ತೊಳೆಯುತ್ತ ಅಂದರು:
"ರಾತ್ರಿ ಲೈಟ್ ಹೋಗಿತ್ರಿ. ಹತ್ತಕ್ಕ ಹೋಗಿದ್ದು ಮುಂಜಾನಿ ಬಂತು.
ಫ್ರಿಜ್ಜಿನ ನೀರು ನೆಲಕ್ಕ ಹರದಿತ್ತು, ನಾನೇ ಒರಸೀನಿ."
ಉಳಿದ ತುಂಡು ಕಟ್ಟಿ ಇಬ್ಬರೇ ಕೂತೆವು.
ನಾಲ್ಕು ಬಿಂದು, ನಾಲ್ಕು ಸುತ್ತು, ಎಂಟೂವರೆಯ ತನಕ.
ಕೊನೆಕೊನೆಗೆ ಕರುಳು ದಣಿಯಿತು, ಆದರೂ ಹೇಳಿತು:
ಆರು ಪಾಯಿಂಟ್ ಏಳು.
ಅಂಕಪಟ್ಟಿಗೆ ಅಷ್ಟರಲ್ಲಿ ಸೀಲು ಬಿದ್ದಿತ್ತು,
ಪರೀಕ್ಷಕರು ಸೊಲ್ಲಾಪುರದ ರೈಲು ಹತ್ತಿದ್ದರು.
ನಾನು ಪತ್ರ ಬರೆದೆ. ಬರೆದೆ, ಅಷ್ಟೇ ಹೇಳಬಲ್ಲೆ.

ಮೊನ್ನೆ ರೋಜಾ ಹತ್ತಿರದ ಅವರ ಮನೆಗೆ ಹೋಗಿದ್ದೆ.
ಕಾಲೇಜಿನಲ್ಲಿ ಈಗ ಕಂಪ್ಯೂಟರಿನ ಕರುಳು ಎಂದೆ, ದಣಿಯುವುದೇ ಇಲ್ಲ.
ಚಾಚಾಗೆ ಸಕ್ಕರೆ ಕಾಯಿಲೆ. ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ
ಇನ್ಸುಲಿನ್ ಸೀಸೆ, ಮೇಲೆ ನಲವತ್ತು ಯೂನಿಟ್ ಎಂದಿದೆ.
"ಒಳಗ ಎಷ್ಟು ಉಳದದೋ" ಅಂತ ಬೆಳಕಿಗೆ ಹಿಡಿದರು,
"ಈಗ ದಾರಕ್ಕ ಕಟ್ಟಿದ್ದು ನನ್ನನ್ನೇ ನೋಡ್ರಿ."
ಗೋಡೆಯ ಮೇಲೆ ಆ ಸಂಜೆಯ ಕಾಗದ,
ಅರಗಿನ ವಾರ್ನಿಷ್ ಕಂದಿದೆ, ಹದಿನಾರು ಬಿಳಿ ಗೆರೆ.
ಒಂದು ಮೂಲೆಗೆ ವಾರ್ನಿಷ್ ತಾಗಿಲ್ಲ.
ಮುಟ್ಟಿದೆ. ಬೆರಳಿಗೆ ಮಸಿ ಬಂತು.